ಹುಸಿಯ ಆಟ

ಇಸ್ಪೀಟೆಂದೊಡನೆ ಮನೆಮಠ ಮಾರಿಕೊಂಡವರ ಕಥೆಗಳನ್ನು ನೆನೆಯುವ ಹಿರಿಯರು ಕೇಳುಗರಲ್ಲಿ ಹಲವರಿರಬಹುದು. ಅವರ ಭಯ ನಿರಾಧಾರವಾದುದಲ್ಲ. ಆದರೆ ಒಂದು ಕಾಸನ್ನೂ ಪಣವಾಗಿಡದೆ, ನಾಲ್ವರು ಗೆಳೆಯರು ಚಾಪೆಯ ಮೇಲೆ ಕುಳಿತು ಆಡಬಹುದಾದ ಒಂದು ಆಟವುಂಟು. ನಮ್ಮಲ್ಲಿ ಅದಕ್ಕೆ 'ಬ್ಲಫ್' ಎಂದು ಹೆಸರು. ಇಂಗ್ಲೆಂಡಿನವರು 'ಚೀಟ್' ಎನ್ನುತ್ತಾರೆ, ಅಂದರೆ ಮೋಸ. ಆ ಹೆಸರು ನನಗೆ ಸಮ್ಮತವಲ್ಲ. ಏಕೆಂಬುದನ್ನು ಹೇಳುವ ಮೊದಲು ಆಟದ ಕ್ರಮವನ್ನು ಹೇಳಿಬಿಡುತ್ತೇನೆ.

52 ಎಲೆಗಳ ಕಟ್ಟನ್ನು ಚೆನ್ನಾಗಿ ಕಲಸಿ ಪೂರ್ತಿ ಹಂಚಬೇಕು. ನಾಲ್ವರಿದ್ದರೆ ತಲೆಗೆ 13 ಎಲೆ. ಮೊದಲಿಗನು ಒಂದರಿಂದ ನಾಲ್ಕರವರೆಗೆ ಎಲೆಗಳನ್ನು ನಡುವೆ ಬೋರಲಾಗಿಟ್ಟು 'ಎರಡು ರಾಣಿ' ಎನ್ನುತ್ತಾನೆ. ಅವು ರಾಣಿಯರೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಮುಂದಿನವನೂ ರಾಣಿಯೆಂದೇ ಹೇಳಿ ತನ್ನ ಎಲೆಗಳನ್ನು ಹಾಕಬೇಕು. ಇಲ್ಲವೆ 'ಪಾಸ್' ಎನ್ನಬೇಕು. ಸಂಶಯ ಬಂದವನು 'ತೋರಿಸು' ಎನ್ನಬಹುದು. ಆಗ ಕಡೆಯದಾಗಿ ಹಾಕಿದ ಎಲೆಗಳನ್ನು ಮಗುಚಿ ನೋಡುತ್ತಾರೆ. ಹೇಳಿದ್ದು ಸುಳ್ಳಾದರೆ ಹೇಳಿದವನು, ನಿಜವಾದರೆ ಕೇಳಿದವನು ರಾಶಿಯನ್ನೆಲ್ಲ ಎತ್ತಿಕೊಳ್ಳಬೇಕು. ಎಲ್ಲರೂ ಪಾಸ್ ಎಂದರೆ ರಾಶಿಯನ್ನು ಬದಿಗೆ ಸರಿಸಿ, ಕಡೆಗೆ ಎಲೆ ಹಾಕಿದವನು ಹೊಸ ಸುತ್ತನ್ನು ತೊಡಗುತ್ತಾನೆ. ಯಾರ ಕೈ ಮೊದಲು ಬರಿದಾಗುವುದೋ ಅವನು ಗೆದ್ದ. ಸಣ್ಣಪುಟ್ಟ ವ್ಯತ್ಯಾಸಗಳು ಮನೆಮನೆಗೂ ಇವೆ. ಅವನ್ನು ಆಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ.

ಸುಳ್ಳು ಹೇಳುವುದೇ ಇದರ ಗುಟ್ಟೆಂದು ಹೊಸಬರು ತಿಳಿಯುತ್ತಾರೆ. ನನ್ನ ಮಟ್ಟಿಗೆ ನಿಜ ಹೇಳುವುದೇ ಇಲ್ಲಿ ಹೆಚ್ಚು ಕಷ್ಟದ ಕಲೆ. ಸದಾ ಸತ್ಯವನ್ನೇ ಆಡುವವನನ್ನು ಯಾರೂ ಪ್ರಶ್ನಿಸುವುದಿಲ್ಲ. ಆದ್ದರಿಂದ ಅವನ ಸತ್ಯದ ದೆಸೆಯಿಂದ ಯಾರೂ ರಾಶಿ ಹೊರುವುದೂ ಇಲ್ಲ. ಸದಾ ಸುಳ್ಳಾಡುವವನು ಎರಡು ಸುತ್ತಿನೊಳಗೆ ಕೈತುಂಬ ಎಲೆ ಹಿಡಿದು ಕುಳಿತಿರುತ್ತಾನೆ. ಅಶ್ವತ್ಥಾಮನ ಸಾವಿನ ಸುದ್ದಿಯನ್ನು ದ್ರೋಣನು ಭೀಮನ ಬಾಯಿಂದ ಕೇಳಿ ನಂಬಲಿಲ್ಲ, ಧರ್ಮರಾಯನ ಬಾಯಿಂದ ಕೇಳಿ ನಂಬಿದ. ಜೀವಮಾನವೆಲ್ಲ ಕೂಡಿಟ್ಟ ಸತ್ಯದ ಗಂಟು ಒಂದೇ ಮಾತಿಗೆ ಕರಗಿತು. ನಮ್ಮ ಆಟದಲ್ಲಿ ಪ್ರತಿ ಸಂಜೆಯೂ ಹೊಸ ಗಂಟು ಕಟ್ಟಬಹುದೆಂಬುದೊಂದು ಸಮಾಧಾನ. ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಎಂಬ ವಿದ್ವಾಂಸರು 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್ ಆಟವನ್ನು ಗಣಿತದಿಂದ ಪರಿಶೀಲಿಸಿ, ಹುಸಿಗೆ ಎರಡು ಪ್ರಯೋಜನಗಳನ್ನು ಕಂಡರು. ಬಲವಿಲ್ಲದಾಗ ಬಲಶಾಲಿಯೆನಿಸಿಕೊಳ್ಳುವುದು ಒಂದು. ನಿಜವಾಗಿ ಬಲವಿದ್ದಾಗ ಎದುರಾಳಿ ಅದನ್ನು ಶಂಕಿಸುವಂತೆ ಮಾಡುವುದು ಇನ್ನೊಂದು. ಆದಕಾರಣ ಆಗೊಮ್ಮೆ ಈಗೊಮ್ಮೆ ಸಿಕ್ಕಿಬೀಳುವುದೂ ಲಾಭವೇ.

ಎಣಿಕೆಯೂ ಬೇಕು. ಒಂದೊಂದು ಹೆಸರಿನವು ನಾಲ್ಕೇ ಎಲೆ. ನನ್ನ ಕೈಯಲ್ಲಿ ಎರಡು ಎಕ್ಕಗಳಿರುವಾಗ ಎದುರಿನವನು 'ಮೂರು ಎಕ್ಕ' ಎಂದರೆ ಅವನ ಮುಖ ನೋಡುವ ಅಗತ್ಯವೇ ಇಲ್ಲ. ನಮ್ಮ ಕೂಟದ ಗಣಿತದ ಮೇಷ್ಟರೊಬ್ಬರು ಇಂಥ ನಿಶ್ಚಯವಿಲ್ಲದೆ ಎಂದೂ 'ತೋರಿಸಿ' ಎನ್ನುತ್ತಿರಲಿಲ್ಲ. ಅದು ಬಯಲಾದ ಮೇಲೆ ಅವರ ಮುಂದೆ ಒಂದೆರಡು ಎಲೆಯ ಸುಳ್ಳನ್ನು ಎಲ್ಲರೂ ನಿರ್ಭಯವಾಗಿ ಹೇಳತೊಡಗಿದರು. ರಾಶಿ ಹೊತ್ತವನನ್ನು ಕಂಡು ನಗುವುದೂ ವಾಡಿಕೆ. ಆದರೆ ಯಾರು ಯಾವ ಎಲೆಗೆ ಯಾವ ಹೆಸರಿಟ್ಟಿದ್ದರೆಂಬುದು ಈಗ ಅವನೊಬ್ಬನಿಗೇ ಗೊತ್ತು. ಪಾಯಸವೆಂದು ಬಡಿಸಿದ್ದು ಗಂಜಿಯೆಂದು ಅವನು ಕಂಡಿದ್ದಾನೆ. ನಾಲ್ಕು ರಾಜರೂ ಅವನ ಕೈ ಸೇರಿದ್ದರೆ ಇನ್ನು ರಾಜನ ಹೆಸರೆತ್ತಿದವರೆಲ್ಲ ಅವನಿಗೆ ಸಿಕ್ಕಿಬಿದ್ದಂತೆಯೇ.

ಇನ್ನು ಹೆಸರಿನ ಮಾತು. ಸುಳ್ಳಿಗೆ ನಮ್ಮಲ್ಲಿ ಬುರುಡೆ, ಬೊಗಳೆ ಮೊದಲಾದ ಎಷ್ಟೋ ಪದಗಳಿವೆ. ಹುಸಿಯೂ ಸುಳ್ಳೇ, ವಚನಕಾರರು ಅದನ್ನು ಖಂಡಿಸಿದ್ದಾರೆ. ಆದರೆ ಹುಸಿನಗೆ, ಹುಸಿಮುನಿಸು ಎನ್ನುವಾಗ ಅದೇ ಪದಕ್ಕೆ ಸಲಿಗೆಯ ಬಣ್ಣ ಬರುತ್ತದೆ. ಹುಸಿಮುನಿಸನ್ನು ಬೀದಿಯಲ್ಲಿ ಹೋಗುವ ಅಪರಿಚಿತನ ಮೇಲೆ ತೋರಲಾಗದು. ಅದು ಹುಸಿಯೆಂದು ಬಲ್ಲವನೇ ಎದುರಿಗಿರಬೇಕು. ಈ ಆಟದ ಸುಳ್ಳು ಆ ಜಾತಿಯದು. ಹಣವಿಟ್ಟೊಡನೆ ಅದರ ಜಾತಿ ಕೆಡುತ್ತದೆ. ಮೂರೆಲೆಯ ಆಟದಲ್ಲಿಯೂ ಹುಸಿಯಿದೆ, ಆದರೆ ಅಲ್ಲಿ ಹೆದರಿ ಎಲೆ ಕೆಳಗಿಡುವವನು ಕಳೆದುಕೊಳ್ಳುವುದು ತಿಂಗಳ ಅಕ್ಕಿಯ ದುಡ್ಡನ್ನು. ಗೆಳೆಯನ ಮುಖವನ್ನು ಲಾಭಕ್ಕಾಗಿ ಓದುವ ಚಾಳಿ ಒಮ್ಮೆ ಹತ್ತಿತೆಂದರೆ, ಅವನು ಮರುದಿನ ನಿಜವಾದ ಕಷ್ಟವನ್ನು ಹೇಳಿಕೊಂಡು ಬಂದಾಗಲೂ ಅದೇ ಕಣ್ಣು ಅವನನ್ನು ಅಳೆಯುತ್ತದೆ. ಹಾಗೆ ಮುರಿದ ಎರಡು ಸ್ನೇಹಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎರಡು ಮನೆಗಳ ನಡುವೆ ಹೋಗಿಬರುವ ದಾರಿಯೇ ನಿಂತುಹೋಯಿತು.

ಕೊನೆಯ ಎಲೆಯ ವಿಚಾರವೊಂದು ಉಳಿದಿದೆ. ಒಬ್ಬನು ಅದನ್ನು ಕೆಳಗಿಟ್ಟಾಗ ಯಾರಾದರೂ 'ತೋರಿಸು' ಎನ್ನಲೇಬೇಕು. ಸುಮ್ಮನಿದ್ದರೆ ಆಟ ಅವನ ಪಾಲು. ಕೇಳಿ ಸೋತರೂ ಅದಕ್ಕಿಂತ ಹೆಚ್ಚೇನೂ ಹೋಗುವುದಿಲ್ಲ. ಆದ್ದರಿಂದ ಕೊನೆಯದು ನಿಜವೇ ಆಗಿರಬೇಕು. ಬಲ್ಲವನು ಒಂದು ಜೋಡಿಯನ್ನು ಮುಟ್ಟದೆ ಕಾಪಾಡಿಕೊಂಡು, ಉಳಿದುದನ್ನೆಲ್ಲ ಹುಸಿ ನುಡಿದು ಸಾಗಹಾಕಿ, ಸುತ್ತು ತೊಡಗುವ ಸರದಿ ತನ್ನದಾಗಲೆಂದು ಕಾಯುತ್ತಾನೆ. ಸರದಿ ಬಂದೊಡನೆ ಆ ಜೋಡಿಯನ್ನಿಟ್ಟು ಅದರ ನಿಜನಾಮವನ್ನೇ ಮೆಲ್ಲನೆ ಹೇಳುತ್ತಾನೆ. ಮೂವರೂ ಒಟ್ಟಿಗೆ 'ತೋರಿಸು' ಎಂದು ಕೂಗುತ್ತಾರೆ.