ಒಂದೇ ಸೂರು, ಹಲವು ಪ್ರಾರ್ಥನೆ



ದೀಪ ಬೆಳಗಿಸಿದ್ದಾಯಿತು. ಚಿತ್ರಗಳನ್ನು ನೋಡಲು ಕಾದಿರುವ ನಿಮ್ಮನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಈ ಛಾಯಾಚಿತ್ರ ಪ್ರದರ್ಶನಕ್ಕೆ ವಸ್ತು ಒಂದೇ ಕಟ್ಟಡ. ಲಂಡನ್ನಿನ ಬ್ರಿಕ್ ಲೇನ್ ಮತ್ತು ಫೋರ್ನಿಯರ್ ಸ್ಟ್ರೀಟ್ ಕೂಡುವಲ್ಲಿರುವ ಜಾಮೆ ಮಸೀದಿ.

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದು ಮಾಡಿದ. ಜೀವ ಉಳಿಸಿಕೊಂಡು ಓಡಿಬಂದ ಹ್ಯೂಗೆನಾಟರಲ್ಲಿ, ಅಂದರೆ ಆ ಫ್ರೆಂಚ್ ಪ್ರೊಟೆಸ್ಟೆಂಟರಲ್ಲಿ, ಅನೇಕರು ರೇಷ್ಮೆ ನೇಕಾರರು. ಅವರು ಬೀಡುಬಿಟ್ಟದ್ದು ಈ ಬೀದಿಗಳಿರುವ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ. ಮಗ್ಗಕ್ಕೆ ಬೆಳಕು ಬೀಳಲೆಂದು ಅಟ್ಟದಲ್ಲಿ ಅಗಲವಾದ ಕಿಟಕಿ ಇಟ್ಟ ಮನೆಗಳು ಫೋರ್ನಿಯರ್ ಸ್ಟ್ರೀಟಿನಲ್ಲಿ ಇಂದಿಗೂ ಇವೆ. ಅವರ ಸಮುದಾಯ 1743ರಲ್ಲಿ ಕಟ್ಟಿಸಿಕೊಂಡ ಚರ್ಚೇ ಇಂದಿನ ಈ ಮಸೀದಿಯ ಕಟ್ಟಡ. ಗೋಡೆಯ ನೆತ್ತಿಯಲ್ಲಿರುವ ಸೂರ್ಯಗಡಿಯಾರದ ಮೇಲೆ ಆ ಇಸವಿ ಈಗಲೂ ಕಾಣುತ್ತದೆ. ಅದನ್ನು ಹತ್ತಿರದಿಂದ ತೆಗೆದ ಚಿತ್ರವೂ ಒಳಗಿದೆ, ತಪ್ಪದೆ ನೋಡಿ.

ಮುಂದಿನ ಕಥೆಯಲ್ಲಿ ನನ್ನ ಮನಸ್ಸನ್ನು ಬಹಳ ಕಾಡುವ ಘಟ್ಟ ಒಂದಿದೆ. 1809ರಲ್ಲಿ ಈ ಕಟ್ಟಡವನ್ನು ಹಿಡಿದದ್ದು ಯಹೂದಿಗಳನ್ನು ಕ್ರೈಸ್ತ ಮತಕ್ಕೆ ಸೇರಿಸಲೆಂದೇ ಹುಟ್ಟಿದ ಒಂದು ಮಿಷನರಿ ಸಂಘ. ಹತ್ತು ವರ್ಷದಲ್ಲಿ ಅದು ಹೋಯಿತು, 1819ರಲ್ಲಿ ಮೆಥಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದವರು ಬಂದರು. ಆಮೇಲೆ ರಷ್ಯಾ ಸಾಮ್ರಾಜ್ಯದ ದಂಗೆ, ಹಿಂಸೆಗಳಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿಂದ ಈ ಬೀದಿಗಳು ತುಂಬಿದವು. 1898ರಲ್ಲಿ ಇದು ಅವರ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್ ಆಯಿತು. ಯಾವ ಹಜಾರದಲ್ಲಿ ಅವರ ಧರ್ಮ ಬಿಡಿಸುವ ಪ್ರಯತ್ನ ನಡೆದಿತ್ತೋ ಅಲ್ಲೇ ಅವರ ಧರ್ಮಗ್ರಂಥ ತೋರಾದ ಪಠಣ ಕೇಳಿಸಿತು! ಅವರ ಮಕ್ಕಳು ಮೊಮ್ಮಕ್ಕಳು ಉತ್ತರ ಲಂಡನ್ನಿನ ಕಡೆ ಹೋದರು. ಅಷ್ಟರಲ್ಲಿ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದ ಬಂಗಾಳಿಗಳು ಇಲ್ಲಿ ಬೇರೂರಿದ್ದರು. 1976ರಲ್ಲಿ ಇದು ಮಸೀದಿಯಾಯಿತು.

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಹ್ಯೂಗೆನಾಟರಿಗೆ ವಿಗ್ರಹ, ವೈಭವ ಬೇಕಿರಲಿಲ್ಲ. ಅವರು ಕಟ್ಟಿದ್ದು ದೊಡ್ಡ ಕಿಟಕಿಗಳ, ಉಪದೇಶ ಕೇಳಲು ಅನುಕೂಲವಾದ ಸರಳ ಹಜಾರ. ಬಂದವರೆಲ್ಲ ಅದನ್ನು ತಮ್ಮ ಪ್ರಾರ್ಥನೆಗೆ ಒಗ್ಗಿಸಿಕೊಂಡರು, ಕೆಡವಲಿಲ್ಲ.

ಇದನ್ನು ಬರೀ ಸೌಹಾರ್ದದ ಕಥೆ ಎಂದು ಹೊಗಳಿ ಕೈತೊಳೆದುಕೊಳ್ಳಬಾರದು. ವಲಸೆ ಬಂದವರು ಈ ಬೀದಿಗಳಲ್ಲಿ ದ್ವೇಷವನ್ನೂ ಉಂಡಿದ್ದಾರೆ. ಮಸೀದಿ ಆರಂಭವಾಗಿ ಎರಡೇ ವರ್ಷಕ್ಕೆ, 1978ರ ಮೇ ತಿಂಗಳಲ್ಲಿ, ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಹೊರಟಿದ್ದ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕನನ್ನು ಸಮೀಪದಲ್ಲೇ ಕೊಂದರು. ಸಾವಿರಾರು ಜನ ಬೀದಿಗಿಳಿದರು. ಇಂದು ಅಲ್ಲಿ ಅವನ ಹೆಸರಿನ ಉದ್ಯಾನವಿದೆ. ಲಂಡನ್ನಿಗೆ ವಲಸೆ ಬಂದ ಕನ್ನಡಿಗರಾದ ನಾವು ಆ ಹೆಸರನ್ನೂ ಮರೆಯುವಂತಿಲ್ಲ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಚಿತ್ರ ನೋಡಿದ ಮೇಲೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಆ ಬೀದಿಗೇ ಹೋಗಿ. ಅಲ್ಲಿ ದಿನವೂ ನಮಾಜು ನಡೆಯುತ್ತದೆ. ಒಳಗೆ ಹೋಗಬೇಕೆನಿಸಿದರೆ ಮೊದಲು ಅನುಮತಿ ಕೇಳಿ.