ಉಸಿರಿನ ಕಿಂಡಿಯ ಬಳಿ ಬೇಟೆಗಾರ

ಇವತ್ತು ಕೆನಡಾದ ಉತ್ತರ ತುದಿಯ ಇನ್ಯೂಟ್ ಜನರ ಬೇಟೆಯ ಬಗ್ಗೆ ಮಾತಾಡೋಣ. ಪ್ರಾಣಿಯನ್ನು ಕೊಲ್ಲುವ ವಿಚಾರ ನಿಮ್ಮಲ್ಲಿ ಕೆಲವರಿಗೆ ಹಿಡಿಸದಿರಬಹುದು. ಆದರೂ ಪೂರ್ತಿ ಕೇಳಬೇಕೆಂದು ವಿನಂತಿ. ಏಕೆಂದರೆ ಅಲ್ಲಿ ಉಳುಮೆಗೆ ನೆಲವೇ ಇಲ್ಲ. ಮೇಲಿನ ತೆಳು ಪದರ ಬಿಟ್ಟರೆ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಮರ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಅನ್ನ, ಬಟ್ಟೆ, ಬೆಳಕು, ಬಿಸಿ ಎಲ್ಲವನ್ನೂ ಆ ಜನ ಪ್ರಾಣಿಗಳಿಂದಲೇ ಪಡೆಯಬೇಕಾಗಿತ್ತು. ಅದರಲ್ಲೂ ಮುಖ್ಯವಾಗಿ ಸೀಲ್‌ನಿಂದ.

ಸೀಲ್ ನೀರಿನಲ್ಲಿ ಬದುಕುವ ಪ್ರಾಣಿಯಾದರೂ ಮೀನಲ್ಲ. ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುತ್ತದೆ. ಚಳಿಗಾಲದಲ್ಲಿ ಕಡಲಿನ ಮೇಲ್ಮೈ ಆಳೆತ್ತರದಷ್ಟು ದಪ್ಪಕ್ಕೆ ಹೆಪ್ಪುಗಟ್ಟಿದಾಗ ಅದು ಉಸಿರಾಡುವುದೆಲ್ಲಿ? ಉತ್ತರದ ಕಡಲುಗಳಲ್ಲಿ ಹೇರಳವಾಗಿರುವ, ಮೈಮೇಲೆ ಉಂಗುರದಂಥ ಮಚ್ಚೆಗಳಿರುವ ಸೀಲ್ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಮಂಜುಗಡ್ಡೆ ಇನ್ನೂ ತೆಳುವಾಗಿರುವಾಗಲೇ ಅಲ್ಲಲ್ಲಿ ಕಿಂಡಿ ಮಾಡಿಕೊಂಡು, ಗಡ್ಡೆ ದಪ್ಪವಾಗುತ್ತಾ ಹೋದಂತೆ ಮುಂಗೈಯ ಉಗುರುಗಳಿಂದ ಕೆರೆದು ಕೆರೆದು ಅವನ್ನು ತೆರೆದಿಟ್ಟುಕೊಳ್ಳುತ್ತದೆ. ಒಂದೊಂದು ಸೀಲ್‌ಗೂ ಇಂಥ ಕಿಂಡಿಗಳು ಹಲವು ಇರುತ್ತವೆ. ಅವುಗಳ ಮೇಲೆ ಹಿಮ ಬಿದ್ದು ಮುಚ್ಚಿಹೋಗುವುದರಿಂದ ಮೇಲೆ ನಿಂತವನಿಗೆ ಏನೂ ಕಾಣುವುದಿಲ್ಲ.

ಕಿಂಡಿಯನ್ನು ಮೂಸಿ ಹುಡುಕುವುದು ನಾಯಿಯ ಕೆಲಸವಾಗಿತ್ತು. ನಾಯಿ ತೋರಿಸಿದ ಜಾಗದಲ್ಲಿ ಬೇಟೆಗಾರ ಕೊಂಬಿನಿಂದ ಮಾಡಿದ ಬಾಗಿದ ಕಡ್ಡಿಯನ್ನು ಹಿಮದೊಳಗೆ ತೂರಿಸಿ, ಕಿಂಡಿಯ ನಡು ಎಲ್ಲಿದೆ, ಅದು ಯಾವ ಕಡೆಗೆ ವಾಲಿದೆ ಎಂದು ಕೈಯಂದಾಜಿನಲ್ಲೇ ತಿಳಿದುಕೊಳ್ಳುತ್ತಿದ್ದ. ಬಳಿಕ ಹಂಸದ ಒಂದು ತುಪ್ಪುಳನ್ನು ಅಲ್ಲಿ ಸಿಕ್ಕಿಸುತ್ತಿದ್ದ. ಕಾಲಡಿ ಸದ್ದಾಗದಂತೆ ತುಪ್ಪಳದ ತುಂಡೊಂದನ್ನು ಹಾಸಿ, ಸೊಂಟ ಬಗ್ಗಿಸಿ, ಈಟಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಂತುಬಿಡುತ್ತಿದ್ದ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಗಂಟೆಗಟ್ಟಲೆ, ಕಾಲು ಕದಲಿಸದೆ. ಹಿಮದ ಮೇಲೆ ಹೆಜ್ಜೆ ಕಿರುಗುಟ್ಟಿದರೂ ಕೆಳಗಿನ ಪ್ರಾಣಿಗೆ ಕೇಳಿಸುತ್ತದೆ. ಸೀಲ್ ಬಂದು ಉಸಿರು ಬಿಟ್ಟಾಗ ತುಪ್ಪುಳು ಅಲುಗುತ್ತದೆ. ಪ್ರಾಣಿಯನ್ನು ನೋಡದೆಯೇ, ಆ ಅಲುಗಾಟವೊಂದನ್ನೇ ನಂಬಿ ಈಟಿ ಇಳಿಸಬೇಕು.

ಈಟಿಯ ಮೊನೆಯನ್ನು ಸ್ವಲ್ಪ ಗಮನಿಸಿ. ಅದು ಕೋಲಿನಿಂದ ಕಳಚಿಕೊಳ್ಳುವಂಥದ್ದು. ಚರ್ಮದ ಮಿಣಿಯನ್ನು ಮೊನೆಯ ನಡುಭಾಗಕ್ಕೆ ಕಟ್ಟಿರುತ್ತಾರೆ. ಮೊನೆ ಸೀಲ್‌ನ ಮೈಗೆ ಇಳಿದು ಮಿಣಿ ಬಿಗಿಯಾದ ಕೂಡಲೇ, ಕಾಜಾ ದಾಟಿದ ಅಂಗಿಯ ಗುಂಡಿಯ ಹಾಗೆ, ಅದು ಚರ್ಮದಡಿಯಲ್ಲಿ ಅಡ್ಡ ತಿರುಗಿ ನಿಲ್ಲುತ್ತದೆ. ಎಳೆದಷ್ಟೂ ಭದ್ರ. ಕಬ್ಬಿಣ ಅಪರೂಪವಾಗಿದ್ದ ನಾಡಿನಲ್ಲಿ ಮೂಳೆ, ಕೊಂಬು, ದಂತಗಳಿಂದಲೇ ಇಷ್ಟು ಸೂಕ್ಷ್ಮವಾದ ಉಪಕರಣವನ್ನು ಮಾಡಿಕೊಂಡವರನ್ನು ಹಿಂದುಳಿದವರು ಎಂದು ಕರೆದ ಹಳೆಯ ಪುಸ್ತಕಗಳು ದೊಡ್ಡ ಅನ್ಯಾಯ ಮಾಡಿವೆ ಎಂದೇ ನನ್ನ ಅಭಿಪ್ರಾಯ.

ಈ ಬೇಟೆಗೆ ಒಬ್ಬನೇ ಹೋದರೆ ಸೀಲ್ ಸಿಕ್ಕುವ ಸಾಧ್ಯತೆ ಕಡಿಮೆ. ಸೀಲ್ ಯಾವ ಕಿಂಡಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಹತ್ತಾರು ಜನ ಒಟ್ಟಿಗೆ ಹೊರಟು ಒಬ್ಬೊಬ್ಬರು ಒಂದೊಂದು ಕಿಂಡಿ ಕಾಯುತ್ತಿದ್ದರು. ಕಾದವರೆಲ್ಲರ ಶ್ರಮವೂ ಒಂದೇ, ಸಿಕ್ಕುವುದು ಮಾತ್ರ ಒಬ್ಬಿಬ್ಬರಿಗೆ. ಹಾಗಾಗಿ ಪಾಲು ಹಂಚುವ ಕಟ್ಟಳೆ ಬಹಳ ಬಿಗಿಯಾಗಿತ್ತು. ನೆಟ್ಸಿಲಿಕ್ ಎಂಬ ಇನ್ಯೂಟ್ ಪಂಗಡದಲ್ಲಿ ಒಂದು ಸೀಲನ್ನು 14 ಪಾಲಾಗಿ ಹಂಚುವ ಪದ್ಧತಿಯಿತ್ತು. ಯಾವ ಪಾಲು ಯಾರಿಗೆ ಎಂಬುದು ಹುಡುಗ ಚಿಕ್ಕವನಿದ್ದಾಗಲೇ ಗೊತ್ತಾಗಿರುತ್ತಿತ್ತು. ಅವನ ತಾಯಿ ಪಾಲುದಾರರನ್ನು ಆರಿಸುತ್ತಿದ್ದಳು, ಅದೂ ಹತ್ತಿರದ ನೆಂಟರನ್ನು ಬಿಟ್ಟು ಹೊರಗಿನವರನ್ನು. ಪಾಲುದಾರರು ಒಬ್ಬರನ್ನೊಬ್ಬರು ತಾವು ಹಂಚಿಕೊಳ್ಳುವ ಮಾಂಸದ ಭಾಗದ ಹೆಸರಿನಿಂದಲೇ ಕೂಗುತ್ತಿದ್ದರು. ಇದರಿಂದ, ಬರಿಗೈಯಲ್ಲಿ ಮರಳಿದವನ ಮನೆಯಲ್ಲೂ ಅಡುಗೆಯಾಗುತ್ತಿತ್ತು.

ಸತ್ತ ಸೀಲ್ ಮನೆಗೆ ಬಂದಾಗ ಹೆಂಗಸರು ಮೊದಲು ಅದರ ಬಾಯಿಗೆ ಸಿಹಿನೀರು ಹನಿಸುತ್ತಿದ್ದರು. ಜೀವಮಾನವೆಲ್ಲ ಉಪ್ಪುನೀರಿನಲ್ಲಿದ್ದ ಪ್ರಾಣಿಗೆ ಬಾಯಾರಿರುತ್ತದೆ, ದಾಹ ತೀರಿಸಿದರೆ ಅದರ ಆತ್ಮ ಮತ್ತೊಂದು ಸೀಲ್ ಆಗಿ ಹಿಂತಿರುಗುತ್ತದೆ ಎಂಬ ನಂಬಿಕೆ. ಬಳಿಕ ಚರ್ಮದಿಂದ ನೀರು ಸೋರದ ಪಾದರಕ್ಷೆ, ಕೊಬ್ಬಿನಿಂದ ದೀಪದೆಣ್ಣೆ. ದೀಪವನ್ನು ಬಳಪದ ಕಲ್ಲಿನಲ್ಲಿ ಕಡೆಯುತ್ತಿದ್ದರು. ನಮ್ಮ ಹೊಯ್ಸಳ ಶಿಲ್ಪಿಗಳಿಗೆ ಒದಗಿಬಂದದ್ದೂ ಬಳಪದ ಕಲ್ಲೇ. ಹಿಮದ ಮನೆಯೊಳಗೆ ಬೆಳಕಿಗೂ, ಅಡುಗೆಗೂ, ಒದ್ದೆ ಬಟ್ಟೆ ಒಣಗಿಸುವುದಕ್ಕೂ ಆ ದೀಪವೊಂದೇ ಗತಿ.

ಈಗ ಬಂದೂಕು ಬಂದಿದೆ, ಜಾರುಬಂಡಿ ಎಳೆಯುತ್ತಿದ್ದ ನಾಯಿಗಳ ಜಾಗಕ್ಕೆ ಹಿಮದ ಮೇಲೆ ಓಡುವ ಮೋಟಾರು ಗಾಡಿ ಬಂದಿದೆ. ಅದಕ್ಕೆ ಪೆಟ್ರೋಲು ಬೇಕು, ಪೆಟ್ರೋಲಿಗೆ ಹಣ ಬೇಕು. ಊಟಕ್ಕೆಂದು ಬೇಟೆಯಾಡಿದ ಸೀಲ್‌ನ ಚರ್ಮ ಮಾರಿ ಆ ಹಣ ಹೊಂದಿಸುತ್ತಿದ್ದರು. 1983ರಲ್ಲಿ ಯುರೋಪಿನ ದೇಶಗಳು ಸೀಲ್ ಮರಿಗಳ ಚರ್ಮದ ಆಮದನ್ನು ನಿಲ್ಲಿಸಿದವು. ಅಟ್ಲಾಂಟಿಕ್ ತೀರದಲ್ಲಿ ವ್ಯಾಪಾರಕ್ಕಾಗಿ ನಡೆಯುತ್ತಿದ್ದ ಬಿಳಿಮರಿಗಳ ಬೇಟೆಯ ವಿರುದ್ಧದ ಕ್ರಮ ಅದು. ಇನ್ಯೂಟರು ಬೇಟೆಯಾಡುತ್ತಿದ್ದದ್ದು ಬೇರೆ ಜಾತಿಯ ಸೀಲನ್ನು, ಅವರಿಗೆ ವಿನಾಯಿತಿಯೂ ಇತ್ತು. ಆದರೆ ಕೊಳ್ಳುವವರು ಆ ವ್ಯತ್ಯಾಸ ನೋಡಲಿಲ್ಲ. ಎಲ್ಲ ಸೀಲ್ ಚರ್ಮದ ಬೆಲೆಯೂ ನೆಲಕಚ್ಚಿತು. 2009ರಲ್ಲಿ ಯುರೋಪು ಸೀಲ್ ವಸ್ತುಗಳ ಮೇಲೆ ಹೇರಿದ ನಿಷೇಧದಲ್ಲೂ ಇದೇ ಕಥೆ. ಕರುಣೆಯಿಂದ ಮಾಡಿದ ಕಾನೂನು, ಕಡಲು ಬಿಟ್ಟರೆ ಬೇರೆ ಆಸರೆಯಿಲ್ಲದವರ ಮೇಲೆ ಬಿತ್ತು. ಇನ್ಯೂಟರಿಗಾಗಿ 1999ರಲ್ಲಿ ರೂಪುಗೊಂಡ ನುನಾವುಟ್ ಪ್ರಾಂತದ 25 ಊರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ರಸ್ತೆಯಿಲ್ಲ. ಅಂಗಡಿಯ ಸಾಮಾನು ವಿಮಾನದಲ್ಲಿ, ಇಲ್ಲವೇ ಬೇಸಿಗೆಯ ಹಡಗಿನಲ್ಲಿ ಬರಬೇಕು. ಬೆಲೆ ಎಷ್ಟಿರಬಹುದೆಂದು ನೀವೇ ಊಹಿಸಿ.

ಇನ್ನೊಂದು ಚಿಂತೆ ಕಡಲಿನದ್ದೇ. ಮಂಜುಗಡ್ಡೆ ತಡವಾಗಿ ಕಟ್ಟುತ್ತಿದೆ, ಬೇಗ ಕರಗುತ್ತಿದೆ. ಹಿರಿಯರು ಈಟಿಯಿಂದ ಕುಟ್ಟಿ ನೋಡಿ, ಒಂದೇ ಏಟಿಗೆ ತೂರಿಹೋದರೆ ಅಲ್ಲಿ ಕಾಲಿಡುವುದಿಲ್ಲ. ಈಗ ಆ ಅನುಭವದ ಜೊತೆಗೆ ಗಡ್ಡೆಯ ದಪ್ಪ ಅಳೆಯುವ ಯಂತ್ರಗಳನ್ನೂ ಎಳೆದುಕೊಂಡು ಹೋಗಿ, ಯಾವ ದಾರಿ ಭದ್ರ ಎಂಬ ನಕ್ಷೆಗಳನ್ನು ಊರಿನ ಯುವಕರೇ ಸಿದ್ಧಪಡಿಸುತ್ತಿದ್ದಾರೆ.

ಪಾಲು ಹಂಚುವುದು ಮಾತ್ರ ನಿಂತಿಲ್ಲ. ಬೇಟೆ ಸಿಕ್ಕಾಗ ಊರಿನ ರೇಡಿಯೋದಲ್ಲಿ, ಇಂಥವರ ಮನೆಯಲ್ಲಿ ಮಾಂಸವಿದೆ, ಬೇಕಾದವರು ಬನ್ನಿ ಎಂದು ಸಾರುವುದುಂಟು. ಜನ ಚೀಲ ಹಿಡಿದು ಹೋಗುತ್ತಾರೆ, ವಯಸ್ಸಾದವರಿದ್ದರೆ ಅವರ ಪಾಲನ್ನು ಮನೆಗೇ ಮುಟ್ಟಿಸುತ್ತಾರೆ.