ಬೆಟ್ಟ ಹತ್ತುವ ಮುನ್ನ ಒಂದು ಲೆಕ್ಕ



ರಜೆ ಬಂತೆಂದರೆ ಗೆಳೆಯರೆಲ್ಲ ಸೇರಿ ಬೆಟ್ಟ ಹತ್ತಿ ಬರೋಣವೆಂಬ ಮಾತು ನಿಮ್ಮಲ್ಲಿ ಬಂದೇ ಬರುತ್ತದೆ. ಬಹಳ ಒಳ್ಳೆಯ ಮಾತು. ಆದರೆ ಚಾರಣದ ಮೊದಲ ಹೆಜ್ಜೆಯನ್ನು ಮನೆಯಲ್ಲೇ, ಹಾಳೆ ಪೆನ್ಸಿಲ್ ಹಿಡಿದು ಇಡಬೇಕು.

ಕುಮಾರ ಪರ್ವತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಇದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಶಿಖರಕ್ಕೆ ಸುಮಾರು 12–13 ಕಿಲೋಮೀಟರ್ ನಡಿಗೆ. ಏರಬೇಕಾದ ಎತ್ತರ ಸುಮಾರು 1,500 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಇಂಥ ನಡಿಗೆಗೆ ಒಂದು ಸುಲಭ ಸೂತ್ರ ಕೊಟ್ಟರು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈಗ ಕೂಡಿಸಿ ನೋಡಿ: ಎರಡೂವರೆಗೆ ಎರಡೂವರೆ ಸೇರಿ ಐದು ಗಂಟೆ. ಇದು ನಡೆದು ಪಳಗಿದವರ ಲೆಕ್ಕ. ಹೊರೆ, ಬಿಸಿಲು, ವಿಶ್ರಾಂತಿ ಸೇರಿದರೆ ನಿಮಗೆ ಏಳು ಗಂಟೆಯೆಂದು ಇಟ್ಟುಕೊಳ್ಳಿ. ಇಳಿಯಲು ಐದು ಗಂಟೆ. ಒಟ್ಟು ಹನ್ನೆರಡು. ಜನವರಿಯಲ್ಲಿ ನಮ್ಮ ಹಗಲು ಹನ್ನೊಂದೂವರೆ ಗಂಟೆ ಮಾತ್ರ!

ಆದ್ದರಿಂದ ಹಿಂದಿರುಗುವ ಹೊತ್ತನ್ನು ಮನೆಯಲ್ಲೇ ನಿಶ್ಚಯಿಸಿ. ಬೆಳಗಿನ ಆರೂವರೆಗೆ ಹೊರಟಿರಾದರೆ, ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ಇಳಿಯತೊಡಗಿ. ಶಿಖರ ಕಣ್ಣೆದುರೇ ಇದ್ದರೂ ಸರಿ. ಆ ಹೊತ್ತಿನಲ್ಲಿ ‘ಇನ್ನು ಸ್ವಲ್ಪವೇ’ ಎನ್ನುವ ಒಬ್ಬ ಗೆಳೆಯ ಎಲ್ಲ ತಂಡಗಳಲ್ಲೂ ಇರುತ್ತಾನೆ. ಅವನಿಗೆ ಉತ್ತರ ಕೊಡುವುದು ನಿಮ್ಮ ಕೈಯ ಹಾಳೆ. ಹೊಸಬರಿಗೆ ಸೋಮವಾರಪೇಟೆ ಕಡೆಯ ಬೀದಳ್ಳಿಯ ದಾರಿ ಮೇಲು. ಅದು ಕಡಿಮೆ ದೂರದ್ದು.

ಇನ್ನು ಬೆನ್ನುಚೀಲ. ಅದರ ಭಾರ ನಿಮ್ಮ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು. ಐವತ್ತು ಕಿಲೋ ತೂಗುವವರಿಗೆ ಹತ್ತೇ ಕಿಲೋ. ಅದರಲ್ಲಿ ಮೊದಲ ಸ್ಥಾನ ನೀರಿಗೆ. ಗಿರಿಗದ್ದೆಯಿಂದ ಮೇಲೆ ಬಹುಪಾಲು ಬೋಳು ಹುಲ್ಲುಗಾವಲು. ನೆರಳೂ ಕಡಿಮೆ, ನೀರೂ ಕಡಿಮೆ. ತಲಾ ಮೂರು ಲೀಟರ್ ಎಂದರೆ ಮೂರು ಕಿಲೋ ಆಯಿತು. ಅವಲಕ್ಕಿ, ಬೆಲ್ಲ, ಹುರಿದ ಕಡಲೆಬೀಜ, ಚಪಾತಿ—ಒಲೆ ಹಚ್ಚದೆ ತಿನ್ನುವಂಥವೇ ಸಾಕು; ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿಯೂ ಅಪಾಯ. ಒಬ್ಬೊಬ್ಬರಿಗೂ ಒಂದೊಂದು ಟಾರ್ಚ್ ಮತ್ತು ಸೀಟಿ ಇರಲಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಇದು ಬೆಟ್ಟಗಳಲ್ಲಿ ನೆರವು ಕೋರುವ ಅಂತಾರಾಷ್ಟ್ರೀಯ ಸಂಕೇತ. ಹೊಸ ಬೂಟು ಬೇಡ. ಎರಡು ವಾರ ಮೆಟ್ಟಿ ಪಳಗಿಸಿದ್ದೇ ಆಗಲಿ. ಜೀನ್ಸ್ ನೆನೆದರೆ ಭಾರ, ಬೇಗ ಒಣಗುವುದಿಲ್ಲ. ತೆಳುವಾದ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ ಒಳ್ಳೆಯದು.

ಮೈಮುಚ್ಚುವ ಬಟ್ಟೆಗೆ ಇನ್ನೊಂದು ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಚ್ಚುವುದರಿಂದ ಹರಡುತ್ತದೆ. ಮಲೆನಾಡಿನಲ್ಲಿ ಅದರ ಕಾಟ ಹೆಚ್ಚಾಗಿ ಜನವರಿಯಿಂದ ಮೇ ತನಕ. ಅಂದರೆ ನಿಮ್ಮ ಚಾರಣದ ಕಾಲದಲ್ಲೇ. ಹೋಗುವ ಕಡೆ ಕಾಯಿಲೆಯ ಸುದ್ದಿ ಇದೆಯೇ ಎಂದು ಮೊದಲು ವಿಚಾರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮರಳಿದ ನಂತರ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. 2024ರ ಆರಂಭದಲ್ಲಿ ಇಲ್ಲಿ ಜನ ಮಿತಿಮೀರಿ ಸೇರಿದ ಮೇಲೆ ಚಾರಣಕ್ಕೆ ಆನ್‌ಲೈನ್ ನೋಂದಣಿಯ ಕಟ್ಟುಪಾಡು ಬಂತು. ಪ್ರವೇಶದ ವೇಳೆ, ತಂಗುವ ಅನುಮತಿ ಎಲ್ಲವನ್ನೂ ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಂಡೇ ಹೊರಡಿ.

ಕೊನೆಯದಾಗಿ, ಆ ಲೆಕ್ಕದ ಹಾಳೆಗೆ ಒಂದು ಪ್ರತಿ ಮಾಡಿ. ಹೋಗುವ ದಾರಿ, ಜೊತೆಗಾರರ ಹೆಸರು, ಮರಳುವ ಹೊತ್ತು ಬರೆದು ಮನೆಯಲ್ಲಿ ಅಮ್ಮನ ಕೈಗೆ ಕೊಡಿ. ನೀವು ಬಾರದಿದ್ದರೆ ಹುಡುಕಲು ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವುದು ಅದೊಂದೇ.